ತಿಕೋಟಾದಲ್ಲಿ ಸಿಡಿಯದ ರಿವಾಲ್ವರು

ಜಾನಕೀಬಾಯಿ ದೇಸಾಯಿಯವರಿಗೆ ಸಿಟ್ಟು ಬರುವುದಿಲ್ಲ, ಇರುತ್ತದೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹಾಲು ಹಾಕುವವನಿಂದ ಹಿಡಿದು ಕರೆಂಟು ಬಿಲ್ಲು ಕೊಡುವವನವರೆಗೆ ಎಲ್ಲರಿಗೂ ಇದು ಗೊತ್ತು. ಹಾಲಿನವನು ಗೇಟಿನ ಸಪ್ಪಳ ಮಾಡದೆ ಹಾಲಿಟ್ಟು ಹೋಗುತ್ತಾನೆ. ಬಿಲ್ಲಿನವನು ಮೀಟರು ಓದಿದ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಬಾಯಿಯವರಿಗೆ ಈಗ ಅರವತ್ತಾರು. ಅವರ ಕೈಯಲ್ಲಿ ಕಲಿತವರು ತಾವೇ ಅಜ್ಜಿಯರಾಗುವ ವಯಸ್ಸಿಗೆ ಬಂದರೂ, ದಾರಿಯಲ್ಲಿ ಅವರನ್ನು ಕಂಡರೆ ಇವತ್ತಿಗೂ ಸೆರಗು ಸರಿಮಾಡಿಕೊಳ್ಳುತ್ತಾರೆ.

ಆದರೆ ಓಣಿಯವರಿಗೆ ಸಿಗುತ್ತಿದ್ದದ್ದು ಆ ಸಿಟ್ಟಿನ ಚಿಲ್ಲರೆ ಮಾತ್ರ. ಇಡಿಗಂಟನ್ನು ಬಾಯಿಯವರು ಒಬ್ಬನಿಗಾಗಿ ಹದಿನೆಂಟು ವರ್ಷ ಕಾದಿಟ್ಟಿದ್ದರು. ಅವನು ಸೊಲ್ಲಾಪುರ ರಸ್ತೆಯಲ್ಲಿ ಬಂದೂಕು ರಿಪೇರಿ ಮಾಡುವ ಯಾಕೂಬ ಸಿಕಲಗಾರ. ತಮ್ಮ ಗಂಡನ ಜೀವ ಹೋದದ್ದು ಮೂವರು ದರೋಡೆಕೋರರಿಂದಲ್ಲ, ಈ ಯಾಕೂಬನಿಂದ ಎಂದು ಅವರು ನಂಬಿದ್ದರು. ನಂಬಿದ್ದರು ಅಂದರೆ ಕಡಿಮೆ ಹೇಳಿದ ಹಾಗೆ. ಅವರ ಪಾಲಿಗೆ ಅದು ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಎನ್ನುವಷ್ಟೇ ಖರೆ.

ಗಂಡ ಸುರೇಶ ದೇಸಾಯಿ ವಕೀಲರು. ತಿಕೋಟಾದ ಹತ್ತಿರ ಆರು ಎಕರೆ ದ್ರಾಕ್ಷಿ ತೋಟ, ದ್ರಾಕ್ಷಿ ಒಣಗಿಸುವ ಶೆಡ್ಡು, ಅದರ ಮಗ್ಗುಲಿಗೆ ಎರಡು ಕೋಣೆಯ ಮನೆ. ಬೇಸಿಗೆಯಲ್ಲಿ ಹಣ್ಣು ಒಣಗುವ ದಿನಗಳಲ್ಲಿ ಗಂಡ ಹೆಂಡತಿ ಅಲ್ಲೇ ಇರುತ್ತಿದ್ದರು. ಜೊತೆಗೆ ಸುರೇಶರಾಯರ ಅಜ್ಜನ ಕಾಲದ ಒಂದು ರಿವಾಲ್ವರು, ಲೈಸೆನ್ಸು ಸಮೇತ. ಎರಡು ಸಾವಿರದ ಏಳರ ಏಪ್ರಿಲ್ ತಿಂಗಳು, ದೀಪ ಹಚ್ಚುವ ಹೊತ್ತು. ಶೆಡ್ಡಿನ ಕಡೆ ನಾಯಿ ಬೊಗಳಿತೆಂದು ಸುರೇಶರಾಯರು ಹೊರಗೆ ಹೋದರು. ಹೋದವರ ತಲೆಗೆ ಕಬ್ಬಿಣದ ರಾಡಿನ ಏಟು ಬಿತ್ತು. ಮೂರು ಜನ ಇದ್ದರು.

ಜಾನಕೀಬಾಯಿ ಟ್ರಂಕು ತೆಗೆದು ರಿವಾಲ್ವರು ತಂದರು. ಆರೂ ಗುಂಡು ತುಂಬಿತ್ತು. ಕೈ ನಡುಗಲಿಲ್ಲ. ಇದನ್ನು ಅವರು ಇವತ್ತಿಗೂ ಒತ್ತಿ ಹೇಳುತ್ತಾರೆ. ಹೊಸ್ತಿಲಲ್ಲಿ ನಿಂತು ಎರಡೂ ಕೈಯಿಂದ ಹಿಡಿದು ಗುರಿ ಇಟ್ಟರು. ಮೂವರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ನೆಲಕ್ಕೆ ಬಿದ್ದಿದ್ದ ಸುರೇಶರಾಯರು, "ಹೊಡಿ ಜಾನಕಿ, ಹೊಡಿ" ಎಂದರು. ಬಾಯಿಯವರು ಟ್ರಿಗರು ಜಗ್ಗಿದರು. ಅದು ಅಲುಗಲಿಲ್ಲ. ಎರಡು ಬೆರಳು ಸೇರಿಸಿ ಜಗ್ಗಿದರು. ಗೋಡೆಗೆ ಹೊಡೆದ ಮೊಳೆಯ ಹಾಗೆ ಅದು ಇದ್ದಲ್ಲೇ ಇತ್ತು. ಆ ಮೂವರಲ್ಲಿ ಒಬ್ಬ ನಕ್ಕ. ಮತ್ತೆ ಎರಡು ಏಟು ಸುರೇಶರಾಯರಿಗೆ ಬಿದ್ದವು, ಬಾಯಿಯವರ ಕೊರಳಿನ ಬಂಗಾರ, ಕೈಯ ಪಾಟಲಿ ಹೋದವು. ಸುರೇಶರಾಯರು ಆಸ್ಪತ್ರೆಯಲ್ಲಿ ಆರು ದಿನ ಇದ್ದು ತೀರಿಕೊಂಡರು.

ಆ ರಿವಾಲ್ವರು ಅದೇ ವರ್ಷ ಫೆಬ್ರವರಿಯಲ್ಲಿ ಯಾಕೂಬನ ಅಂಗಡಿಗೆ ಹೋಗಿ ಬಂದಿತ್ತು. ಸ್ಪ್ರಿಂಗು ಸೋತಿದೆ ಎಂದು ಸುರೇಶರಾಯರೇ ಒಯ್ದು ಹೊಸದು ಹಾಕಿಸಿದ್ದರು. ಎರಡು ತಿಂಗಳ ಹಿಂದೆ ರಿಪೇರಿಯಾದದ್ದು ಹೊತ್ತಿಗೆ ನಡೆಯಲಿಲ್ಲವೆಂದರೆ ತಪ್ಪು ಯಾರದು? ಹನ್ನೊಂದನೇ ದಿನ ಮುಗಿಯುತ್ತಲೇ ಬಾಯಿಯವರು ಅರ್ಜಿ ಬರೆದರು. ಗಣಿತದ ಟೀಚರ ಅರ್ಜಿ, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಯಾಕೂಬನ ಲೈಸೆನ್ಸು ಹದಿನಾಲ್ಕು ತಿಂಗಳು ಅಮಾನತಾಯಿತು. ಕೊನೆಗೆ, ಪರೀಕ್ಷೆಗೆ ಕಳಿಸಿದ ಆಯುಧದಲ್ಲಿ ದೋಷ ಕಂಡುಬಂದಿಲ್ಲ ಎಂದು ವರದಿ ಬಂತು. ಬಾಯಿಯವರು ವರದಿಯ ಪ್ರತಿಯನ್ನು ಹರಿದು ಒಲೆಗೆ ಹಾಕಿದರು. ಯಾಕೂಬ ಯಾರದೋ ಕೈ ಬಿಸಿ ಮಾಡಿದ್ದಾನೆ ಎಂದರು. ಗಾಂಧಿ ಚೌಕದ ಬಟ್ಟೆ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಪ್ರತಿ ವರ್ಷ ಗಂಡನ ತಿಥಿಗೆ ಬಂದ ನೆಂಟರ ಮುಂದೆ ಅದನ್ನೇ ಹೇಳಿದರು. ಅವರು ಹೇಳಿದ ಮೇಲೆ ಅದು ಊರಿನ ಮಾತಾಯಿತು.

ರಿವಾಲ್ವರನ್ನು ಮಾತ್ರ ಅವರು ಬಿಡಲಿಲ್ಲ. ವಾರಸುದಾರಳೆಂದು ಲೈಸೆನ್ಸನ್ನು ಓಡಾಡಿ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಒಂದಲ್ಲ ಒಂದು ದಿನ ಅದೇ ಸಾಕ್ಷಿ ಹೇಳುತ್ತದೆ ಎಂಬ ಹಟ. ಯಾರಿಗೂ ಮುಟ್ಟಿಸಲಿಲ್ಲ, ಬಿಚ್ಚಿಸಲಿಲ್ಲ. ವರ್ಷಕ್ಕೊಮ್ಮೆ ಖಂಡೇ ಪೂಜೆಯ, ಎಂದರೆ ಆಯುಧ ಪೂಜೆಯ ದಿನ ಹೊರಗೆ ತೆಗೆದು, ಅತ್ತೆ ಕಲಿಸಿದ ಹಾಗೆ ಮನೆಯ ಗಾಣದ ಕುಸುಬಿ ಎಣ್ಣೆ ತಿಕ್ಕಿ, ಗಂಧ ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ ಮತ್ತೆ ಟ್ರಂಕಿಗೆ ಇಡುತ್ತಿದ್ದರು.

ಈ ವರ್ಷ ಲೈಸೆನ್ಸು ಮುಂದುವರಿಸುವ ಮೊದಲು ತಪಾಸಣೆಗೆ ಒಯ್ದಾಗ, ಗುಂಡು ತುಂಬುವ ಚರಕಿ ತಿರುಗಲೇ ಇಲ್ಲ. ಲೈಸೆನ್ಸು ಇದ್ದ ರಿಪೇರಿಯವನಿಂದ ಸರಿಮಾಡಿಸಿ ಚೀಟಿ ತನ್ನಿರಿ, ಇಲ್ಲವಾದರೆ ಠಾಣೆಯಲ್ಲಿ ಜಮಾ ಮಾಡಿರಿ ಎಂದರು ಲೈಸೆನ್ಸಿನ ಕಚೇರಿಯವರು. ಸುತ್ತಮುತ್ತ ಆ ಕೆಲಸ ಮಾಡುವವನು ಉಳಿದಿದ್ದು ಒಬ್ಬನೇ. ಬಾಯಿಯವರು ಎರಡು ದಿನ ಕುದ್ದರು. ಮೂರನೆಯ ದಿನ ಬೆಳಿಗ್ಗೆ ರಿವಾಲ್ವರನ್ನೂ, ಕೇಸು ಮುಗಿದಾಗ ಠಾಣೆಯವರು ಅರಗಿನ ಮುದ್ರೆ ಒತ್ತಿ ಹಿಂತಿರುಗಿಸಿದ್ದ ಗುಂಡಿನ ಲಕೋಟೆಯನ್ನೂ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದರು. ಆಯಿತು, ಅವನೇ ಬಿಚ್ಚಲಿ, ಅವನ ಕೈಯಿಂದಲೇ ಅವನ ತಪ್ಪು ಹೊರಗೆ ಬರಲಿ ಎಂದುಕೊಂಡರು.

ಸೊಲ್ಲಾಪುರ ರಸ್ತೆಯಲ್ಲಿ ಪಂಕ್ಚರ್ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಯಾಕೂಬನ ಅಂಗಡಿ. ಹೊರಗೆ ಹೊಲಿಗೆ ಯಂತ್ರ, ಬೀಗ, ತಕ್ಕಡಿ. ಬಂದೂಕಿನ ಕೆಲಸ ಒಳಗಿನ ಮೇಜಿನಲ್ಲಿ, ಅದೂ ತಿಂಗಳಿಗೆ ಒಂದೋ ಎರಡೋ. ಯಾಕೂಬನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವನ ಪಕ್ಕ ಐ.ಟಿ.ಐ.ಯಲ್ಲಿ ಫಿಟ್ಟರ್ ಕಲಿತು ಬಂದ ಮಗಳು ಸಮ್ರೀನ ಒಂದು ಬೀಗದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಮೂವತ್ತೊಂದರ ಹೆಣ್ಣು. ಬಾಯಿಯವರನ್ನು ಕಂಡದ್ದೇ ಅವಳ ಕೈ ನಿಂತಿತು.

ಬಾಯಿಯವರು ಚೀಲವನ್ನು ಮೇಜಿನ ಮೇಲೆ ಇಟ್ಟರು. "ಯಾಕೂಬ, ನನ್ನ ಗುರ್ತು ಸಿಕ್ಕಿರಬೇಕಲಾ."

"ಸಿಗದ ಏನ್ರಿ ಬಾಯಾರ," ಎಂದ ಯಾಕೂಬ. ಎದ್ದು ಕುರ್ಚಿ ಒರೆಸಿ ಮುಂದಿಟ್ಟ. "ಕುಂದರ್ರಿ."

"ಕೂಡ್ಲಿಕ್ಕೆ ಬಂದಿಲ್ಲ ನಾ. ಇದನ್ನ ಬಿಚ್ಚು. ನನ್ನ ಕಣ್ಣ ಮುಂದ ಬಿಚ್ಚು. ಆವಾಗ ಏನು ಕೆಡಿಸಿ ಇಟ್ಟಿದ್ದಿ, ಇವತ್ತ ನಿನ್ನ ಬಾಯಿಲೇ ಹೇಳು."

ಸಮ್ರೀನ ಸ್ಕ್ರೂಡ್ರೈವರನ್ನು ಕುಕ್ಕಿ ಇಟ್ಟಳು. "ಅಬ್ಬಾ, ಇದನ್ನ ತಗೋಬ್ಯಾಡ್ರಿ. ಸೊಲ್ಲಾಪುರಕ್ಕ ಒಯ್ಯಲಿ. ಬಾಯಾರ, ನಾ ಆವಾಗ ಎಂಟನೇತ್ತ ಇದ್ದೆ. 'ನಿಮ್ಮಪ್ಪ ವಕೀಲರನ್ನ ಕೊಂದಾನ' ಅಂತ ಸಾಲ್ಯಾಗ ನನಗ ಮಗ್ಗಲ್ದಾಗ ಕುಂದರಸ್ಕೊಳ್ತಿದ್ದಿಲ್ಲ. ಹದಿನಾಲ್ಕ ತಿಂಗಳು ಅಬ್ಬಾ ಬಬಲೇಶ್ವರದ ಟ್ರ್ಯಾಕ್ಟರ್ ಗ್ಯಾರೇಜಿಗೆ ದಿನಾ ಬಸ್ಸಿನ್ಯಾಗ ಹೋಗಿ ಗಾಲಿ ಬಿಚ್ಚ್ಯಾರ. ಬಂದೂಕಿನ ಕೈ ಅದು, ಗ್ರೀಸ್ ಬಳಿಯೂ ಕೈ ಅಲ್ಲ."

"ನಿಮ್ಮಪ್ಪ ಬಸ್ಸಿನಾಗ ಹೋಗಿ ಮನೀಗೆ ತಿರುಗಿ ಬಂದನಲಾ," ಎಂದರು ಜಾನಕೀಬಾಯಿ. "ನಮ್ಮವರು ಬರಲಿಲ್ಲ."

ಯಾಕೂಬ ಕನ್ನಡಕ ಏರಿಸಿದ. ಅವನಿಗೂ ಸಿಟ್ಟಿತ್ತು. ಆದರೆ ಅವನ ಸಿಟ್ಟು ಮಾತಿಗೆ ಬರುವ ಜಾತಿಯದಲ್ಲ, ಕೈಗೆ ಇಳಿದು ಕೆಲಸವನ್ನು ಇನ್ನಷ್ಟು ನಿಧಾನ ಮಾಡುವಂಥದ್ದು. ಬಲಗಡೆಯ ಸಣ್ಣ ಬಾಗಿಲು ತೆಗೆದು ನೋಡಿ, ಮುಂದಿನಿಂದ ಚರಕಿಯ ಒಂದೊಂದೇ ಗುಂಡಿನ ಮನೆಗೆ ತಂತಿ ತೂರಿಸಿ ಗುಂಡಿಲ್ಲ ಎಂದು ಖಾತ್ರಿ ಮಾಡಿಕೊಂಡ. ಚರಕಿಯನ್ನು ಹೆಬ್ಬೆರಳಿನಿಂದ ದೂಡಿದ. ಅದು ಜಪ್ಪಯ್ಯ ಅನ್ನಲಿಲ್ಲ. ಚರಕಿಯ ನಡುವಿನ ಸರಳನ್ನು ಎಳೆದರೆ ಅದೂ ಬರಲಿಲ್ಲ. ಸೀಮೆಎಣ್ಣೆ ಬಿಟ್ಟು, ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಅರ್ಧ ತಾಸು ಕಾದ ಮೇಲೆ ಸರಳು ಒಂದೊಂದೇ ಕೂದಲೆಳೆಯಷ್ಟು ಹೊರಗೆ ಬಂತು. ಚರಕಿ ಕೈಗೆ ಬಿತ್ತು. ಅದರ ಮೈಗೆ ಕಂದು ಬಣ್ಣದ, ಬೆಲ್ಲದ ಪಾಕದಂಥ ಅಂಟು ಮೆತ್ತಿಕೊಂಡಿತ್ತು. ನಡುನಡುವೆ ಕುಂಕುಮ.

ಯಾಕೂಬ ಅದನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ. "ಕುಸುಬಿ ಎಣ್ಣಿ ಹಚ್ಚೀರೇನ್ರಿ?"

"ಖಂಡೇ ಪೂಜೆಗೆ ಹಚ್ಚತೀವಿ. ನಮ್ಮತ್ತಿ ಕಾಲದಿಂದ ಹಚ್ಚಿಕೋತ ಬಂದೀವಿ."

"ತಿನ್ನಾಕ ಚಲೋ ಎಣ್ಣಿ ರಿ ಅದು. ಗಾಳಿಗೆ ಒಣಗಿದ್ರ ವಾರ್ನಿಶ್ ಆಗತೈತಿ. ಹಿಂದಕ ನಮ್ಮ ಅಜ್ಜಾರು ಅದನ್ನ ಕುದಿಸಿ ಚರ್ಮಕ್ಕ ಬಳೀತಿದ್ರು, ನೀರು ಇಳೀಬಾರದು ಅಂತ. ವಕೀಲ ಸಾಹೇಬ್ರು ಇದ್ದಾಗ ಹಿಂಗ ಆಗ್ತಿದ್ದಿಲ್ಲ ಅಲ್ರಿ?"

ಇಲ್ಲ. ಪೂಜೆಯ ಮರುದಿನ ಸುರೇಶರಾಯರು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಪೆಟ್ರೋಲಿನ ಅರಿವೆಯಿಂದ ಅದನ್ನು ಒರೆಸುತ್ತಿದ್ದರು. ಆ ವಾಸನೆ ಬಾಯಿಯವರಿಗೆ ನೆನಪಿದೆ. ಒರೆಸುವುದು ಯಾಕೆಂದು ಅವರು ಹೇಳಿರಲಿಲ್ಲ. ಗಂಡಸರ ಬಾಬತ್ತು ಎಂದು ಇವರೂ ಕೇಳಿರಲಿಲ್ಲ. ಹಾಗಾಗಿ ಆಮೇಲಿನ ವರ್ಷಗಳಲ್ಲಿ ಹಚ್ಚುವುದು ನಡೆಯಿತು, ಒರೆಸುವುದು ನಿಂತಿತು.

"ಇದು ಈಗಿಂದಾತು," ಎಂದರು ಬಾಯಿಯವರು. "ಒಪ್ಪಿದೆ, ನನ್ನ ತಪ್ಪು. ನಾ ಕೇಳ್ಲಿಕ್ಕೆ ಬಂದಿದ್ದು ಅವತ್ತಿಂದು. ಮುಂದ ನೋಡು."

ಯಾಕೂಬ ಮುಂದೆ ನೋಡಿದ. ಒಂದೊಂದೇ ಸ್ಕ್ರೂ ಬಿಚ್ಚಿ, ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಶ್ಶಿನಿಂದ ತಿಕ್ಕಿ, ಬಿಳಿ ಅರಿವೆಯ ಮೇಲೆ ಸಾಲಾಗಿ ಇಟ್ಟ. ಚರಕಿಯನ್ನು ಒಂದೊಂದು ಮನೆ ಮುಂದಕ್ಕೆ ನೂಕುವ ಸಣ್ಣ ಬೆರಳಿನಂಥ ತುಂಡನ್ನು ಭೂತಗನ್ನಡಿಯಲ್ಲಿ ನೋಡಿದ. "ಇದು ಸರಿ ಐತ್ರಿ. ಇದು ಮುರದ್ರ ಚರಕಿ ತಿರಗೂದಿಲ್ಲ." ಚರಕಿಯನ್ನು ತಡೆದು ನಿಲ್ಲಿಸುವ ಕೀಲನ್ನು ನೋಡಿದ. "ಇದೂ ಸರಿ ಐತ್ರಿ." ತಾನು ಅವತ್ತು ಹಾಕಿದ್ದ ದೊಡ್ಡ ಸ್ಪ್ರಿಂಗನ್ನು ತೆಗೆದು ಬೆಳಕಿಗೆ ಹಿಡಿದ. ಬಿರುಕಿರಲಿಲ್ಲ. ಸಮ್ರೀನ ಅದನ್ನು ಒತ್ತಿ ನೋಡಿ, "ಇನ್ನೂ ಹತ್ತು ವರ್ಷ ನಡೀತೈತಿ," ಎಂದಳು. ಅವಳು ಹೇಳಿದ್ದು ಅಪ್ಪನಿಗಲ್ಲ.

ಕೊನೆಗೆ ಬಂದೂಕಿನವರು ಕುದುರೆ ಎನ್ನುವ ತುಂಡು. ರಿವಾಲ್ವರಿನ ಹಿಂದೆ ಕೊಕ್ಕೆಯ ಹಾಗೆ ಎದ್ದು ನಿಂತಿರುತ್ತದೆ. ಬಿದ್ದರೆ ಗುಂಡಿನ ಹಿಂಬದಿಗೆ ಕುಟ್ಟಿ ಸಿಡಿಸುವುದು ಅದೇ. ಅದರ ಮೂತಿ ಸವೆದಿರಲಿಲ್ಲ. ಅದರ ಬುಡದ ಮೂರು ಕಚ್ಚುಗಳೂ ಚೂಪಾಗಿದ್ದವು.

"ಇದೂ ಸರಿ ಐತ್ರಿ ಬಾಯಾರ."

ಪ್ರತಿ ಸಲ 'ಸರಿ ಐತ್ರಿ' ಅಂದಾಗಲೂ ಜಾನಕೀಬಾಯಿಯವರ ಸಿಟ್ಟು ಒಂದು ಮೆಟ್ಟಿಲು ಏರುತ್ತಿತ್ತು. ಎಲ್ಲ ಸರಿ ಇದ್ದರೆ ಮನುಷ್ಯ ಯಾಕೆ ಸತ್ತ? "ಎಲ್ಲಾ ಸರಿ ಅಂದ್ರ ನಾ ಸುಳ್ಳು ಹೇಳ್ತೀನಿ ಅಂದಂಗಾತು. ನಾ ಜಗ್ಗಿದ್ದು ಸುಳ್ಳೇನು? ಅದು ಅಲುಗಲಿಲ್ಲ ಅಂಬೋದು ಸುಳ್ಳೇನು? ನನ್ನ ಬೆರಳು ಎಂಟು ದಿನ ಬಾತಿತ್ತು. ಅದೂ ಸುಳ್ಳೇನು?"

"ಸುಳ್ಳು ಅಂತ ನಾ ಯಾವಾಗ ಅಂದೇನ್ರಿ," ಎಂದ ಯಾಕೂಬ. ಎಲ್ಲವನ್ನೂ ಮತ್ತೆ ಜೋಡಿಸಿ, ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಬಿಟ್ಟು, ಎಳೆದು ಬಿಟ್ಟು ನೋಡಿದ. ಚರಕಿ ಪ್ರತಿ ಸಲ ಒಂದು ಮನೆ ತಿರುಗಿ ಟಕ್ಕನೆ ನಿಂತಿತು. ಆಮೇಲೆ ಬಾಯಿಯವರ ಚೀಲದ ಲಕೋಟೆಯ ಮುದ್ರೆ ಒಡೆದು ಆರು ಗುಂಡನ್ನು ಅಂಗೈಯಲ್ಲಿ ಹಾಕಿಕೊಂಡು ಒಂದೊಂದರ ಹಿಂಬದಿಯನ್ನೂ ಭೂತಗನ್ನಡಿಯಲ್ಲಿ ನೋಡತೊಡಗಿದ. ಆರನೆಯದನ್ನು ನೋಡಿ ಮುಗಿಸಿದವನು ಮತ್ತೆ ಮೊದಲನೆಯದಕ್ಕೆ ಬಂದ. ಮಗಳ ಕೈಗೆ ಕೊಟ್ಟ. ಅವಳೂ ನೋಡಿದಳು.

"ಒಂದರ ಮ್ಯಾಲೂ ಗುರ್ತಿಲ್ಲ," ಎಂದಳು ಸಮ್ರೀನ. ಅವಳ ದನಿಯಲ್ಲಿ ಈಗ ಜಗಳ ಇರಲಿಲ್ಲ. "ಸ್ಪ್ರಿಂಗ್ ಸೋತಿದ್ರ, ಗುಂಡು ಕೆಟ್ಟಿದ್ರ, ಕುದುರಿ ಬಿದ್ದಲ್ಲೆ ತುಸುವಾದ್ರೂ ತೆಗ್ಗು ಬೀಳಬೇಕ್ರಿ. ಇದರಾಗ ಕುದುರಿ ಬಿದ್ದೇ ಇಲ್ಲ."

ಯಾಕೂಬ ಕುದುರೆಯನ್ನು, ತಾನಾಗಿ ಸಿಡಿಯದಂತೆ ಹಿಡಿದಿಡುವ ಮೊದಲನೆಯ ಕಚ್ಚಿನಲ್ಲಿ ನಿಲ್ಲಿಸಿ, ಖಾಲಿ ರಿವಾಲ್ವರನ್ನು ಮೇಜಿನ ಮೇಲಿಂದ ಬಾಯಿಯವರ ಕಡೆ ಸರಿಸಿದ. "ವಕೀಲ ಸಾಹೇಬ್ರು ಹಿಂಗ ಇಡತಿದ್ರು. ಬಾಯಾರ, ಅವತ್ತ ನೀವು ಹೆಂಗ ಹೊಡದ್ರಿ, ಹಂಗ ನನಗೊಂದಸಲ ತೋರಸ್ರಿ. ಗ್ವಾಡಿ ಕಡೆ ಹಿಡೀರಿ."

ಜಾನಕೀಬಾಯಿ ಸೆರಗು ಸೊಂಟಕ್ಕೆ ಸಿಗಿಸಿದರು. ಅವತ್ತಿನ ಹಾಗೇ ಎರಡೂ ಕೈಯಿಂದ ಹಿಡಿದರು. ತೋಳು ಚಾಚಿದರು. ಟ್ರಿಗರಿಗೆ ಬೆರಳು ಹಾಕಿ ಜಗ್ಗಿದರು. ಅದು ಅಲುಗಲಿಲ್ಲ. ಎರಡು ಬೆರಳು ಸೇರಿಸಿ ಜಗ್ಗಿದರು. ಅದೇ ಮೊಳೆ, ಅದೇ ಗೋಡೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ಗೆಲುವು ಕಾಣಿಸಿತು. ರಿವಾಲ್ವರನ್ನು ಮೇಜಿಗೆ ಬಡಿದು ಇಟ್ಟರು.

"ನೋಡಿದ್ಯಾ? ಈಗ ನೋಡಿದ್ಯಾ? ಎಲ್ಲಾ ಸರಿ ಅದ ಅಂದಿ. ಇವತ್ತೂ ಹಂಗ ಅದ. ಇದ ನಿನ್ನ ರಿಪೇರಿ."

ಯಾಕೂಬ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಹೇಳಬೇಕಾದ ಮಾತು ಸಮ್ರೀನಳ ಪಾಲಿಗೆ ಬಂತು.

"ಬಾಯಾರ, ನೀವು ಕುದುರಿ ಎಳೀಲಿಲ್ಲಲ್ರಿ."

"ಯಾವ ಕುದುರಿ?"

ಸಮ್ರೀನ ಬೆರಳು ಮಾಡಿ ತೋರಿಸಿದಳು. ಬಾಯಿಯವರು ಇಷ್ಟೊತ್ತೂ ಯಾಕೂಬ ಅದನ್ನು ಎಳೆಯುವುದನ್ನು ಹತ್ತು ಸಲ ನೋಡಿದ್ದರು. ರಿಪೇರಿಯವರು ಹಾಗೆ ಏನೇನೋ ಎಳೆದು ನೋಡುತ್ತಾರೆ ಎಂದುಕೊಂಡಿದ್ದರು.

"ಪೊಲೀಸರ ಕಡೆ ಇರೂ ಅಂಥಾದರಾಗ ಟ್ರಿಗರ್ ಜಗ್ಗಿದ್ರ ಸಾಕ್ರಿ, ಕುದುರಿ ತಾನ ಎದ್ದು ತಾನ ಬೀಳತೈತಿ," ಎಂದಳು ಸಮ್ರೀನ. "ಇದು ಹಳೀ ನಮೂನಿ. ಇದರಾಗ ಒಂದೊಂದ ಗುಂಡಿಗೂ ಮೊದಲ ಹೆಬ್ಬಟ್ಟಿಲೆ ಕುದುರಿ ಪೂರ್ತಿ ಹಿಂದ ಎಳೀಬೇಕು. ಆಮ್ಯಾಲೆ ಟ್ರಿಗರ್. ಎಳೀಲಿಲ್ಲ ಅಂದ್ರ ಆನಿ ಕಟ್ಟಿ ಜಗ್ಗಿದ್ರೂ ಅದು ನಡಿಯೂದಿಲ್ಲ. ಅದು ಕೆಟ್ಟಿದ್ದಲ್ರಿ, ಅದರ ರೀತೀನ ಹಂಗ."

ಬಾಯಿಯವರು ರಿವಾಲ್ವರನ್ನು ಮತ್ತೆ ಕೈಗೆ ತೆಗೆದುಕೊಂಡರು. ಹೆಬ್ಬೆರಳನ್ನು ಆ ಕೊಕ್ಕೆಯ ಮೇಲೆ ಇಟ್ಟು ಎಳೆದರು. ತೊಗರಿಬೇಳೆ ಡಬ್ಬಿಯ ಮುಚ್ಚಳ ತೆಗೆಯಲು ಬೇಕಾಗುವಷ್ಟು ಬಲವೂ ಬೇಕಾಗಲಿಲ್ಲ. ಚರಕಿ ತಿರುಗಿತು. ಟ್ರಿಗರಿಗೆ ಬೆರಳು ತಾಗಿತೋ ಇಲ್ಲವೋ, ಕುದುರೆ ಟಪ್ಪೆಂದು ಬಿತ್ತು.

"ಇಷ್ಟ ಏನು?" ಎಂದು ಕೇಳಿದರು.

"ಇಷ್ಟರಿ," ಎಂದ ಯಾಕೂಬ.

ಅವರು ಕುರ್ಚಿಯಲ್ಲಿ ಕೂತರು. ಆಮೇಲೆ ಬಾಯಿಯವರು ಯಾಕೂಬನ ಮೇಲೆಯೇ ಏರಿಹೋದರು, ಬೇರೆಯವರ ಮೇಲೆ ಏರಿಹೋಗುವ ರೂಢಿ ಇರಲಿಲ್ಲವಲ್ಲ. "ಇದನ್ನ ನೀ ಆವಾಗ ಯಾಕ ಹೇಳಲಿಲ್ಲ?"

"ಯಾರಿಗೆ ಹೇಳಲ್ರಿ? ವಕೀಲ ಸಾಹೇಬ್ರಿಗೆ ಹುಟ್ಟಾ ಗೊತ್ತಿತ್ತು. ನನ್ನ ಮುಂದ ಎಳದು ನೋಡೇ ಒಯ್ದಿದ್ರು. ನೀವು ಹಿಡೀತೀರಿ ಅಂತ ನನಗ ಕನಸ ಬಿದ್ದಿತ್ತೇನ್ರಿ?" ಯಾಕೂಬನ ದನಿ ಮೊದಲ ಸಲ ಏರಿತು. "ಚೌಕಶಿ ಮಾಡಿದವರರೆ ನಿಮ್ಮನ್ನ ಕೇಳಬೇಕಿಲ್ಲೇನ್ರಿ? ಹೆಂಗ ಹಿಡದ್ರಿ, ಹೆಂಗ ಹೊಡದ್ರಿ ಅಂತ ಒಬ್ಬರೂ ಕೇಳಲಿಲ್ಲೇನು?"

ಒಬ್ಬರೂ ಕೇಳಿರಲಿಲ್ಲ. ಮೂವರು ಎಷ್ಟು ಎತ್ತರ ಇದ್ದರು ಎಂದು ಕೇಳಿದ್ದರು. ಪಾಟಲಿ ಎಷ್ಟು ತೊಲೆ ಎಂದು ಕೇಳಿದ್ದರು. ವಕೀಲರ ಹೆಂಡತಿ, ಓದಿದವರು, ಮದುವೆಯಾದ ಇಪ್ಪತ್ನಾಲ್ಕು ವರ್ಷದಿಂದಲೂ ಮನೆಯಲ್ಲಿ ರಿವಾಲ್ವರು ಇದೆ, ಅದು ಗೊತ್ತಿರದೆ ಇರುತ್ತದೆಯೇ?

ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎಂಬುದು ಜಾನಕೀಬಾಯಿಯವರಿಗೆ 'ಇಷ್ಟರಿ' ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಗೊತ್ತಾಗಿತ್ತು. ಮದುವೆಯಾಗಿ ಆರನೆಯ ವರ್ಷದ ಖಂಡೇ ಪೂಜೆ. ಮನೆ ತುಂಬ ನೆಂಟರು. ಕುಂಕುಮ ಹಚ್ಚಿ ಮುಗಿಸಿ ಅವರು ಗಂಡನನ್ನು ಕೇಳಿದ್ದರು, ಇದನ್ನ ಹೆಂಗ ನಡಸ್ತಾರ, ನನಗೂ ಒಂದಿಷ್ಟು ತೋರಸ್ರಲಾ. ಸುರೇಶರಾಯರು ತಮ್ಮನಾದ ಸುಶೀಲೇಂದ್ರನ ಕಡೆ ತಿರುಗಿ, "ಗಣಿತದ ಟೀಚರ ಕೈಯಾಗ ಇದನ್ನ ಕೊಟ್ರ ಸಾಲಿ ಹುಡುಗ್ಯಾರ ಗತಿ ಏನಪಾ," ಎಂದಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಜಾನಕೀಬಾಯಿಯೂ ನಕ್ಕಿದ್ದರು. ತಾವೂ ನಕ್ಕಿದ್ದು ಈಗ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಮುಂದೆ ತಿಕೋಟಾದ ಆ ಒಂಟಿ ಮನೆಗೆ ವರ್ಷವರ್ಷ ಹೆಂಡತಿಯನ್ನು ಕರೆದೊಯ್ದರು, ಟ್ರಂಕಿನಲ್ಲಿ ರಿವಾಲ್ವರು ಇಟ್ಟರು, ಏನಾದರೂ ಆದರೆ ಇದೆಯಲ್ಲ ಎಂದರು. ಆ ಒಂದು ಮಾತು ಮಾತ್ರ ಹೇಳಲಿಲ್ಲ. ಹೇಳಲು ಉಗುಳು ನುಂಗುವಷ್ಟು ಹೊತ್ತು ಸಾಕಿತ್ತು. ಬಿದ್ದ ಮೇಲೂ 'ಹೊಡಿ' ಅಂದರೇ ಹೊರತು ಹೇಗೆ ಅನ್ನಲಿಲ್ಲ. ತಲೆ ಒಡೆದವರನ್ನು ಅದಕ್ಕೆ ಬೈಯುವಂತಿಲ್ಲ. ಅದರ ಹಿಂದಿನ ಇಪ್ಪತ್ನಾಲ್ಕು ವರ್ಷ ತಲೆ ನೆಟ್ಟಗೇ ಇತ್ತಲ್ಲ. ಪಾಠ ಮಾಡದ ಲೆಕ್ಕವನ್ನು ಪ್ರಶ್ನೆಪತ್ರಿಕೆಯಲ್ಲಿ ಹಾಕಿದ್ದಕ್ಕೆ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಮೇಜು ಗುದ್ದಿದ್ದವರು ಜಾನಕೀಬಾಯಿ. ಹೇಳಿಕೊಡದೆ ಕೇಳುವವನು ಮಾಸ್ತರನೇ ಅಲ್ಲ ಎಂದು ನಾಲ್ಕು ಜನರ ಮುಂದೆ ಅಂದವರು. ಅಂಥವರ ಮನೆಯೊಳಗೇ ಅದು ನಡೆದಿತ್ತು, ಜೀವ ಪಣಕ್ಕಿಟ್ಟ ಪರೀಕ್ಷೆಯಲ್ಲಿ. ನಪಾಸಾದವರು ಹದಿನೆಂಟು ವರ್ಷ ಇನ್ನೊಬ್ಬನನ್ನು ಶಪಿಸಿದ್ದರು.

ಸಿಟ್ಟು ಈಗ ಯಾರ ಮೇಲೆ ಹೋಗಬೇಕಿತ್ತೋ ಅವರು ಸತ್ತುಹೋಗಿದ್ದರು.

ಯಾಕೂಬನಿಗೆ ಏನು ತೋಚಿತೋ, ಮಗಳಿಗೆ ಚಹಾ ತರಲು ಸನ್ನೆ ಮಾಡಿ, ಮೆಲ್ಲಗೆ ಹೇಳಿದ. "ಬಾಯಾರ, ಒಂದ ಮಾತು. ನೀವು ಈಗೇನು ಯಾರ ಮುಂದೂ ಹೇಳಾಕ ಹೋಗಬ್ಯಾಡ್ರಿ. ಸಾಹೇಬ್ರು ಹೋಗ್ಯಾರ, ಹೋದವರ ಹೆಸರಿಗ್ಯಾಕ ಮಸಿ. ನನ್ನ ಮ್ಯಾಲೇ ಇರಲಿ ಬಿಡ್ರಿ. ನನಗ ರೂಢಿ ಆಗೇತಿ."

"ಅಬ್ಬಾ," ಎಂದಳು ಸಮ್ರೀನ. ಎದ್ದವಳು ಅಲ್ಲೇ ನಿಂತಳು. ಮುಂದೆ ಏನು ಅನ್ನುತ್ತಿದ್ದಳೋ, ಅಷ್ಟರಲ್ಲಿ ಜಾನಕೀಬಾಯಿ ಮಾತು ತೆಗೆದರು.

"ಯಾಕೂಬ ಅವರ," ಎಂದರು. ಆ ಅಂಗಡಿಯಲ್ಲಿ ಅವರ ಬಾಯಿಂದ ಬಂದ ಮೊದಲ ಬಹುವಚನ ಅದು. "ಒಬ್ಬರು ನನಗ ಹೇಳದ ಮುಚ್ಚಿಟ್ಟು ಹೋದ್ರು. ಈಗ ನೀವೂ ಮುಚ್ಚಿಡು ಅಂತೀರಿ. ನಿಮ್ಮ ಮನಸು ದೊಡ್ಡದು, ನನಗ ತಿಳೀತದ. ಆದ್ರ ನನಗ ಯಾವುದು ತಿಳಿದಿರಬೇಕು, ನಾ ಯಾವುದು ಮಾತಾಡಬೇಕು ಅಂತ ಇನ್ನ ಮುಂದ ಯಾವ ಗಂಡಸೂ ಹೇಳೂದು ಬ್ಯಾಡ. ಚೀಟಿ ಬರಕೊಡ್ರಿ."

ಯಾಕೂಬ ರಿಪೇರಿ ಚೀಟಿ ಬರೆದುಕೊಟ್ಟ. ಬಾಯಿಯವರು ಚಹಾಕ್ಕೆ ಕಾಯಲಿಲ್ಲ. ಸಮ್ರೀನಳ ಮುಂದೆ ಒಂದು ಗಳಿಗೆ ನಿಂತರು. ತಪ್ಪಾಯಿತು ಎಂಬ ಮಾತು ಅವರ ನಾಲಿಗೆಗೆ ರೂಢಿಯಿಲ್ಲ. "ನಾಳೆ ಒಂಬತ್ತಕ್ಕ ಬರ್ತೀನಿ," ಎಂದರು. "ಇದನ್ನ ನನಗ ಮೊದಲಿಂದ ಕೊನೀತನಕ ಕಲಸು. ಬಿಚ್ಚೂದು, ಒರಸೂದು, ಎಲ್ಲಾ."

"ಬರ್ರಿ," ಎಂದಳು ಸಮ್ರೀನ. ನಗಲಿಲ್ಲ. ಹದಿನೆಂಟು ವರ್ಷದ್ದು ಒಂದು ಮುಂಜಾನೆಗೆ ಮರೆಯುವಂಥದ್ದಲ್ಲ, ಬಾಯಿಯವರೂ ಅದನ್ನು ನಿರೀಕ್ಷಿಸಿರಲಿಲ್ಲ.

ಅಲ್ಲಿಂದ ನೆಟ್ಟಗೆ ಲೈಸೆನ್ಸಿನ ಕಚೇರಿಗೆ ಹೋದರು. ಹೊರಗಿನ ಕಟ್ಟೆಯ ಮೇಲೆ ಕೂತು ಚೀಲದಿಂದ ಹಾಳೆ ತೆಗೆದು ಬರೆದರು. ಎರಡು ಪ್ರತಿ. ಒಂದು ಕಡತಕ್ಕೆ, ಇನ್ನೊಂದು ಯಾಕೂಬನ ಅಂಗಡಿಯ ಗೋಡೆಗೆ. ಒಳಗೆ ಟಪಾಲು ತೆಗೆದುಕೊಳ್ಳುವ ಗುಮಾಸ್ತ ಗುರಲಿಂಗಪ್ಪ ಕೂತಿದ್ದರು, ವರ್ಷ ಐವತ್ತೈದರ ಮೇಲೆ, ಮೆತ್ತಗಿನ ಮನುಷ್ಯ. ರಿಪೇರಿ ಚೀಟಿ ತೆಗೆದುಕೊಂಡರು. ಆಮೇಲೆ ಅರ್ಜಿ ಓದತೊಡಗಿದರು. ಎರಡು ಸಾವಿರದ ಏಳರಲ್ಲಿ ನಾನು ಯಾಕೂಬ ಸಿಕಲಗಾರರ ಮೇಲೆ ಕೊಟ್ಟ ದೂರು ತಪ್ಪು. ಅವರ ರಿಪೇರಿ ಸರಿಯಿತ್ತು. ಆಯುಧ ಸರಿಯಿತ್ತು. ಅದನ್ನು ನಡೆಸುವುದು ಹೇಗೆಂದು ನನ್ನ ಗಂಡ ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಕೇಳಿದ್ದೆ.

ಗುರಲಿಂಗಪ್ಪ ಓದಿದ್ದನ್ನೇ ಇನ್ನೊಮ್ಮೆ ಓದಿದರು. "ಬಾಯಾರ, ಆ ಕೇಸ್ ಯಾವಾಗೋ ಮುಗದೈತ್ರಿ. ಈಗ ಯಾಕಿದು?"

"ಮುಗಿದಿಲ್ಲ. ತಗೋರಿ."

"ತಗೋತೇನ್ರಿ. ಆದ್ರ ಯಜಮಾನರ ಹೆಸರು ಕಾಗದದಾಗ ಯಾಕ ತರ್ತೀರಿ? ನಡಸೂದು ನನಗ ಗೊತ್ತಿರಲಿಲ್ಲ ಅಂತ ಒಂದ ಸಾಲು ಹಾಕ್ರಿ, ಸಾಕು. ಎಲ್ಲಾರಿಗೂ ಚಂದ ಆಗತೈತಿ." ಅವರು ಪೆನ್ನನ್ನು ಬಾಯಿಯವರ ಕಡೆ ಸರಿಸಿದರು.

ಜಾನಕೀಬಾಯಿ ಪೆನ್ನನ್ನು ಮುಟ್ಟಲಿಲ್ಲ. "ಗೊತ್ತಿರಲಿಲ್ಲ ಅಂತ ಬರದ್ರ ತಪ್ಪು ನಂದಾಗತದ, ಗುರಲಿಂಗಪ್ಪ ಅವರ. ಇಷ್ಟ ದಿನ ಯಾಕೂಬ ಅವರದಾಗಿತ್ತು. ಅವರ ಮ್ಯಾಲಿಂದ ತಗದು ನನ್ನ ಮ್ಯಾಲೆ ಹೇರಿಕೊಳ್ಲಿಕ್ಕೆ ನಾ ಇಲ್ಲಿ ಬಂದಿಲ್ಲ. ನಾ ಕೇಳಿದ್ದೆ. ಅವರು ನಕ್ರು. ಹಂಗೇ ಇರಲಿ ಅದು. ಠಸೆ ಹಾಕ್ರಿ."

ಗುರಲಿಂಗಪ್ಪ ಎರಡೂ ಪ್ರತಿಗಳಿಗೆ ಕಚೇರಿಯ ಠಸೆ ಒತ್ತಿದರು.